ರಾಗಿಯಲ್ಲಿ ನಿಂತ ಫೋನು

ಈವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಫೋನಿಗೆ ಚಾರ್ಜರ್ ಚುಚ್ಚಲು ಹೋದರೆ ಅದು ಒಳಗೇ ಹೋಗಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದೆ. ತೂತಿನೊಳಗೆ ಒಂದು ರಾಗಿ ಕಾಳು ಸುಖವಾಗಿ ಕೂತಿತ್ತು. ಸೂಜಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದರೆ ಅದರ ಹಿಂದೆ ಇನ್ನೊಂದು. ಬೇರೆಯವರ ಫೋನು ಕೆಟ್ಟರೆ ರಿಪೇರಿಯವನು "ನೀರಿಗೆ ಬಿತ್ತಾ?" ಎಂದು ಕೇಳುತ್ತಾನೆ. ನನ್ನ ಮುಖ ಕಂಡರೆ ಮಾತ್ರ "ಮತ್ತೆ ರಾಗಿನಾ ಸಾರ್?" ಎನ್ನುತ್ತಾನೆ.

ನೀವು ಈ ಮೊದಲು ನನ್ನ ಅಂಗಡಿಗೆ ಬಂದವರಲ್ಲವಾದ್ದರಿಂದ ಹೇಳಬೇಕು. ನನ್ನ ಮೇಜಿನ ಮೇಲೆ ಒಂದು ಹಳೆಯ ಕಬ್ಬಿಣದ ಸೇರು ಇದೆ, ನಮ್ಮಜ್ಜಿ ಕಾಳು ಅಳೆಯುತ್ತಿದ್ದದ್ದು. ಅದರ ತುಂಬ ರಾಗಿ. ರಾಗಿಯಲ್ಲಿ ಫೋನನ್ನು ಒಂದು ಬೆರಳಿನಷ್ಟು ಊರಿದರೆ ಅದು ನೆಟ್ಟಗೆ ನಿಲ್ಲುತ್ತದೆ. ಹಿಂದಕ್ಕೆ, ಮುಂದಕ್ಕೆ ಎತ್ತ ಬೇಕಾದರೂ ಓರೆ ಮಾಡಬಹುದು. ಅಂಗಡಿಯಲ್ಲಿ ಹೊಸ ನಮೂನೆಯ ಸ್ಟ್ಯಾಂಡುಗಳನ್ನು ನಾನೇ ತಂದಿಟ್ಟು ಮಾರುತ್ತೇನೆ. ಆದರೂ ನನ್ನ ಫೋನು ನಿಲ್ಲುವುದು ಸೇರಿನಲ್ಲಿ. ಕೊಳ್ಳಲು ಬಂದವರು ಸ್ಟ್ಯಾಂಡನ್ನೊಮ್ಮೆ ಸೇರನ್ನೊಮ್ಮೆ ನೋಡಿ ಏನೂ ಕೊಳ್ಳದೆ ಹೋಗುತ್ತಾರೆ.

ಅಂಗಡಿ ಇರುವುದು ಕೆ.ಆರ್. ನಗರದಲ್ಲಿ, ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ. ಒಂದು ಕಾಲದಲ್ಲಿ ಇದರೊಳಗೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಪಕ್ಕದಲ್ಲಿ ಎಸ್‌ಟಿಡಿ ಬೂತು, ಅದರ ಗಾಜಿನ ಬಾಗಿಲು ಯಾವತ್ತೂ ಪೂರ್ತಿ ಮುಚ್ಚುತ್ತಿರಲಿಲ್ಲವಾದ್ದರಿಂದ ಊರಿನ ಗುಟ್ಟೆಲ್ಲ ನನಗೆ ಗೊತ್ತಿರುತ್ತಿತ್ತು. ಅದರಾಚೆ ಜೆರಾಕ್ಸು. ನೀಲಿ ಪರದೆಯ ಹಿಂದೆ ಫೋಟೊ ಸ್ಟುಡಿಯೊ, ಗೋಡೆಗೆ ತೂಗು ಹಾಕಿದ ಬಾಚಣಿಗೆ, ಪೌಡರ್ ಡಬ್ಬಿ ಮತ್ತು ಎಲ್ಲರಿಗೂ ಹಾಕಿಸುವ ಒಂದೇ ಕೋಟು. ಮೂಲೆಯಲ್ಲಿ ಮದುವೆಗೆ ಹೊತ್ತುಕೊಂಡು ಹೋಗುವ ವಿಡಿಯೊ ಕ್ಯಾಮೆರಾ, ಕ್ಯಾಸೆಟ್ಟುಗಳು, ಒಂದು ಟೀವಿ. ಆಮೇಲೆ ಕಂಪ್ಯೂಟರು ಬಂತು. ಒಂದೊಂದಕ್ಕೂ ನನ್ನ ಹೆಂಡತಿ ಒಂದೊಂದು ಹೂವಿನ ಬಟ್ಟೆಯ ಮುಸುಕು ಹೊಲಿದಿದ್ದಳು. ಬೋರ್ಡು ಬರೆಯಲು ಬಂದ ಪೇಂಟರ್ ಪಟ್ಟಿ ಓದಿ, "ಇಷ್ಟೆಲ್ಲ ಇಡ್ಸಾಕಿಲ್ಲ ಕಣ್ರೀ, ಇನ್ನೊಂದ್ ಗೋಡೆ ಕಟ್ಸಿ" ಎಂದಿದ್ದ.

ಆ ದಿನಗಳಲ್ಲಿ ಯಂತ್ರ ರಿಪೇರಿಗೆ ಮೈಸೂರಿನಿಂದ ಬರುತ್ತಿದ್ದ ಒಬ್ಬರು, ಮುಂದೊಂದು ದಿನ ಫೋನಿನಲ್ಲಿ ಮಾತಾಡುವವರ ಮುಖವೂ ಕಾಣುತ್ತದೆ ಎಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಮುಖ ತೊಳೀದೆ ಫೋನ್ ಎತ್ತೋ ಜನ ಕಣ್ರೀ ನಾವು. ಮುಖ ಕಾಣೋ ಫೋನು ಯಾರಿಗ್ ಬೇಕು?" ಎಂದೆ. ನನ್ನ ದೂರದೃಷ್ಟಿ ಅಷ್ಟು. ಹತ್ತಿರದ ದೃಷ್ಟಿಗೂ ಈಗ ಕನ್ನಡಕ ಬಂದಿದೆ.

ಆಮೇಲೆ ಆದದ್ದು ನಿಮಗೇ ಗೊತ್ತು. ಅಂಗೈಯಗಲದ ಒಂದು ವಸ್ತು ಬಂದು ಮೊದಲು ಬೂತನ್ನು ನುಂಗಿತು, ಆಮೇಲೆ ಕ್ಯಾಮೆರಾವನ್ನು, ಕ್ಯಾಸೆಟ್ಟನ್ನು, ಟೀವಿಯನ್ನು, ಕೊನೆಗೆ ಜೆರಾಕ್ಸಿನ ಅರ್ಧವನ್ನು. ಮುಸುಕುಗಳು ಮಾತ್ರ ಉಳಿದವು, ಹೆಂಡತಿ ಅವನ್ನು ಒರೆಸುವ ಬಟ್ಟೆ ಮಾಡಿಕೊಂಡಳು. ನಾನು ಬಹಳ ವರ್ಷ ಆ ವಸ್ತುವನ್ನು ಮನಸಾರೆ ಬೈದೆ. ನನ್ನ ಹಳೆಯ ಯಂತ್ರಗಳಲ್ಲಿ ಒಂದೊಂದಕ್ಕೂ ಒಂದೊಂದೇ ಕೆಲಸವಿತ್ತು, ಮರ್ಯಾದೆಯಿಂದ ತನ್ನ ತನ್ನ ಮೂಲೆಯಲ್ಲಿ ಇರುತ್ತಿದ್ದವು ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಅದು ನಿಜವೇ. ಬೂತಿಗೆ ಕಿವಿ ಇತ್ತು, ಕಣ್ಣಿರಲಿಲ್ಲ. ಕ್ಯಾಮೆರಾಗೆ ಕಣ್ಣಿತ್ತು, ಕಂಡದ್ದನ್ನು ಆ ಕ್ಷಣಕ್ಕೆ ಇನ್ನೊಂದು ಊರಿಗೆ ಮುಟ್ಟಿಸುವ ತ್ರಾಣವಿರಲಿಲ್ಲ. ಕ್ಯಾಸೆಟ್ಟಿನ ಜನ ಕೈ ಬೀಸುತ್ತಿದ್ದರು, ನಾವು ಬೀಸಿದರೆ ನೋಡುತ್ತಿರಲಿಲ್ಲ. ಇವೆಲ್ಲ ಬೇರೆ ಬೇರೆಯಾಗಿದ್ದದ್ದರಿಂದ ಒಬ್ಬಳಿಗೆ ಏನು ತಪ್ಪಿಹೋಗಿತ್ತು ಎಂಬುದು, ನಡುವೆಯೇ ಕೂತು ಎಲ್ಲವನ್ನೂ ನಡೆಸುತ್ತಿದ್ದ ನನಗೆ ಹೊಳೆದಿರಲಿಲ್ಲ.

ಅವಳು ನನ್ನ ಅಪ್ಪನ ತಂಗಿ. ನಾವು ಸಣ್ಣತ್ತೆ ಎನ್ನುತ್ತೇವೆ. ಅಣ್ಣ ತಂಗಿ ಇಬ್ಬರೂ ಹುಟ್ಟಿ ಬೆಳೆದದ್ದು ಹುಣಸೂರು ತಾಲ್ಲೂಕಿನ ಹನಗೋಡಿನ ಹತ್ತಿರ, ಲಕ್ಷ್ಮಣತೀರ್ಥದ ದಡದಲ್ಲಿ. ಮೂರನೇ ವಯಸ್ಸಿಗೆ ಜ್ವರ ಬಂದು ಅವಳ ಕಿವಿ ಹೋಯಿತಂತೆ. ಕಿವಿಯ ಹಿಂದೆಯೇ ಆಗಷ್ಟೇ ಕಲಿತಿದ್ದ ನಾಲ್ಕು ಮಾತೂ ಹೋದವು. ಊರವರು ಮೂಗಿ ಎಂದು ಹೆಸರಿಟ್ಟು ಸುಮ್ಮನಾದರು. ಅಪ್ಪ ಸುಮ್ಮನಾಗಲಿಲ್ಲ. ಹೊಳೆಯ ದಡದಲ್ಲಿ ದನ ಬಿಟ್ಟುಕೊಂಡು ಅಣ್ಣ ತಂಗಿ ಸೇರಿ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡರು. ಅದು ಯಾವ ಶಾಲೆಯಲ್ಲೂ ಕಲಿಸುವ ಭಾಷೆಯಲ್ಲ, ಇಬ್ಬರು ಮಕ್ಕಳು ತಮಗಾಗಿ ಮಾಡಿಕೊಂಡದ್ದು. ಹುಣಸೂರು ಎಂದರೆ ಒಂದು ಸೀನು, ಅಲ್ಲಿನ ಹೊಗೆಸೊಪ್ಪಿನ ಘಾಟಿಗೆ. ಎಚ್.ಡಿ. ಕೋಟೆ ಎಂದರೆ ಮೂಗಿನ ಮುಂದೆ ತೋಳು ತೂಗಾಡಿಸಿ ಆನೆ. ಕೆ.ಆರ್. ನಗರ ಎಂದರೆ ಅಂಗೈಯಲ್ಲಿ ಭತ್ತ ಉಜ್ಜಿ ಹೊಟ್ಟು ಊದುವುದು. ಅವರಮ್ಮನಿಗೆ, ಅಂದರೆ ನಮ್ಮಜ್ಜಿಗೆ, ಮೂಗುಬೊಟ್ಟು ಮುಟ್ಟುವುದು. ಅಪ್ಪನ ಹೆಸರು, ಟವೆಲ್ ಇರುವ ಹೆಗಲ ಮೇಲೊಂದು ತಟ್ಟು.

ನನ್ನ ಹೆಸರು ಕೇಳಬೇಡಿ. ಕೇಳುತ್ತೀರಿ ಎಂದು ಗೊತ್ತು, ಹೇಳುತ್ತೇನೆ. ಮುಂಗೈಯಿಂದ ಮೂಗು ಒರೆಸಿಕೊಳ್ಳುವುದು ನನ್ನ ಹೆಸರು. ನಾನು ಹುಟ್ಟಿದಾಗ ಅವ್ವ ಎರಡು ವರ್ಷ ಹಾಸಿಗೆ ಹಿಡಿದಿದ್ದಳು, ನನ್ನನ್ನು ಸೊಂಟದಿಂದ ಇಳಿಸದೆ ಸಾಕಿದವಳು ಸಣ್ಣತ್ತೆ. ನನ್ನ ಮೂಗು ಒರೆಸಿ ಒರೆಸಿ ಅವಳ ಸೆರಗು ಸವೆದಿದ್ದರೆ ಆ ಹೆಸರಿನಲ್ಲಿ ತಪ್ಪೇನಿದೆ? ನಾನು ಅತ್ತರೆ ಅವಳಿಗೆ ಕೇಳದು. ಅದಕ್ಕೆ ತೊಟ್ಟಿಲಿಗೂ ತನ್ನ ಮಣಿಕಟ್ಟಿಗೂ ಒಂದು ಉದ್ದನೆಯ ದಾರ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದಳಂತೆ. ನಾನು ಕೈಕಾಲು ಬಡಿದರೆ ದಾರ ಎಳೆಯುತ್ತಿತ್ತು, ಅವಳು ಓಡಿ ಬರುತ್ತಿದ್ದಳು. ನಮ್ಮ ಮನೆಗೆ ಮೊದಲು ಬಂದ ಲೈನು ಅದು.

ಅಪ್ಪನಿಗೆ ಚುಂಚನಕಟ್ಟೆ ನಾಲೆಯಲ್ಲಿ ನೀರುಗಂಟಿ ಕೆಲಸ ಸಿಕ್ಕಿ ನಾವೆಲ್ಲ ಕೆ.ಆರ್. ನಗರಕ್ಕೆ ಬಂದೆವು. ಯಾವ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವ ಕೆಲಸ. ನಾಲೆಯ ಏರಿಯ ಮೇಲೆ ನಿಂತು ಟವೆಲ್ ಬೀಸಿ, ಅಲ್ಲೆಲ್ಲೋ ದೂರದ ಗದ್ದೆಯವನಿಗೆ ತೂಬು ಎತ್ತು, ಇಳಿಸು ಎನ್ನುತ್ತಿದ್ದ. ಅವನ ಕೈಗೆ ಅಷ್ಟು ಮಾತು ಬರುತ್ತಿದ್ದದ್ದು ತಂಗಿಯ ದೆಸೆಯಿಂದ. ಸಣ್ಣತ್ತೆಯನ್ನು ಎಚ್.ಡಿ. ಕೋಟೆಯಾಚೆ, ಅಂತರಸಂತೆ ರಸ್ತೆಯಲ್ಲಿ, ಕಾಕನಕೋಟೆ ಕಾಡಿನ ಅಂಚಿನ ಒಂದು ಊರಿಗೆ ಕೊಟ್ಟರು. ಮಾವ ಒಳ್ಳೆಯವರು, ಆದರೆ ಕೈ ಕಟ್ಟಿಕೊಂಡೇ ಕೂರುವವರು. ಎರಡು ತಿಂಗಳಿಗೊಮ್ಮೆ ಅತ್ತೆ ಎರಡು ಬಸ್ಸು ಬದಲಾಯಿಸಿ ನಮ್ಮ ಮನೆಗೆ ಬರುತ್ತಿದ್ದಳು. ಹಲ್ಲಿಲ್ಲದ ಅಜ್ಜಿಗೆ ಬೆಲ್ಲ ಹಾಕಿದ ರಾಗಿ ಹುರಿಹಿಟ್ಟು ತರುತ್ತಿದ್ದಳು. ಎರಡು ತಿಂಗಳ ಮಾತನ್ನೆಲ್ಲ ಅಣ್ಣನ ಮುಂದೆ ಕೂತು ಒಂದೇ ಮಧ್ಯಾಹ್ನದಲ್ಲಿ ಕೈಯಿಂದ ಸುರಿದು ಹೋಗುತ್ತಿದ್ದಳು.

ಈಗ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಇಷ್ಟು ಹೊತ್ತು ಸುತ್ತು ಹಾಕಿದ್ದು ಇದಕ್ಕೇ ಹೆದರಿ.

ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಒಂದು ಬೆಳಿಗ್ಗೆ ಅಜ್ಜಿ ಕಾಫಿ ಕುಡಿದು, ಗೋಡೆಗೊರಗಿ ಕೂತವಳು ಹಾಗೇ ಹೋಗಿಬಿಟ್ಟಳು. ಅಪ್ಪ ನನ್ನ ಮುಖ ನೋಡಿ, "ಎಲ್ರಿಗೂ ಫೋನ್ ಮಾಡ್ಬುಡ್ಲಾ" ಎಂದ. ನಮ್ಮದೇ ಬೂತು, ನನ್ನದೇ ಕೆಲಸ. ಡೈರಿ ತೆಗೆದು ಮೊದಲ ಹಾಳೆಯಿಂದ ಶುರು ಮಾಡಿ ನಂಬರ್ ಇದ್ದವರಿಗೆಲ್ಲ ಮಾಡಿದೆ. ಮೈಸೂರು, ಮಂಡ್ಯ, ಪಿರಿಯಾಪಟ್ಟಣ, ಬೆಂಗಳೂರು. ಒಬ್ಬೊಬ್ಬರ ಹೆಸರ ಮುಂದೆ ಗೀಟು ಹಾಕುತ್ತ ಹೋದೆ, ಕೊನೆಯ ಗೀಟು ಹಾಕಿ ಡೈರಿ ಮುಚ್ಚಿದಾಗ ಕೆಲಸ ಅಚ್ಚುಕಟ್ಟಾಗಿ ಆಯಿತೆಂದು ಒಳಗೊಳಗೇ ಸಮಾಧಾನವೂ ಆಯಿತು. ಸಣ್ಣತ್ತೆಯ ಹೆಸರು ಆ ಡೈರಿಯಲ್ಲಿ ಇರಲಿಲ್ಲ. ಕಿವಿ ಕೇಳದವಳಿಗೆ ಯಾವ ನಂಬರು? ನಂಬರಿಲ್ಲದವಳು ನನ್ನ ಲೆಕ್ಕಕ್ಕೇ ಬರಲಿಲ್ಲ. ಯಾರನ್ನಾದರೂ ಬಸ್ಸಿಗೆ ಹತ್ತಿಸಿ ಕಳಿಸಬೇಕಿತ್ತು, ಅಥವಾ ಅವಳ ಊರಿನ ಹಾಲಿನ ಡೇರಿಗೆ ಫೋನ್ ಮಾಡಬೇಕಿತ್ತು. ನಾನು ಮಾಡಿರುತ್ತೇನೆಂದು ಅಪ್ಪ ಅಂದುಕೊಂಡ. ಸಂಜೆಯಾದರೂ ತಂಗಿ ಬರದಿದ್ದಾಗ ಬಸ್ ಸಿಗಲಿಲ್ಲವೇನೋ ಎಂದುಕೊಂಡ. ಬಂದವರೆಲ್ಲ ಇನ್ನು ಇಟ್ಟುಕೊಳ್ಳುವುದು ಬೇಡ ಎಂದರು. ಮಣ್ಣು ಮಾಡಿ ಬಂದೆವು.

ಮೂರನೆಯ ದಿನ, ಹಾಲುತುಪ್ಪದ ಶಾಸ್ತ್ರ ಮುಗಿಸಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಸಣ್ಣತ್ತೆ ಬಾಗಿಲಲ್ಲಿ ನಿಂತಿದ್ದಳು. ಯಾರೋ ಹೇಳಿ ಬಂದವಳಲ್ಲ. ಎರಡು ತಿಂಗಳಾಗಿತ್ತು, ತಾನಾಗಿ ಬಂದಿದ್ದಳು, ಕೈಯಲ್ಲಿ ಹುರಿಹಿಟ್ಟಿನ ಡಬ್ಬಿ. ಮನೆ ತುಂಬ ನೆಂಟರನ್ನು ನೋಡಿ ಮೊದಲು ಅವಳಿಗೆ ಖುಷಿಯಾಯಿತು. ಆ ನಗು ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಆಮೇಲೆ ಅಣ್ಣನ ಬೋಳಿಸಿದ ತಲೆ ಕಂಡಿತು. ಮೂಗುಬೊಟ್ಟು ಮುಟ್ಟಿ ಎಲ್ಲಿ ಎಂದು ಕೇಳಿದಳು. ಅಪ್ಪನ ಕೈ ಮೇಲೇಳಲಿಲ್ಲ. ಮತ್ತೆ ಮುಟ್ಟಿದಳು. ಕೊನೆಗೆ ಅಪ್ಪ ಅಂಗೈಯನ್ನು ಮಗುಚಿ ತೋರಿಸಿದ. ಚಿಕ್ಕಂದಿನಲ್ಲಿ ಅವರ ಕರು ಸತ್ತಾಗ ಇಬ್ಬರೂ ಮಾಡಿಕೊಂಡಿದ್ದ ಮಾತು ಅದು. ಯಾವಾಗ ಎಂದಳು. ಅಪ್ಪ ಮೂರು ಬೆರಳು ತೋರಿಸಿದ. ಅವಳು ಊಟಕ್ಕೆ ಕೂತಿದ್ದ ಒಬ್ಬೊಬ್ಬರ ಕಡೆಗೂ ಬೆರಳು ಮಾಡುತ್ತ ಹೋದಳು. ಇವರಿಗೆ ಗೊತ್ತು, ಇವರಿಗೆ ಗೊತ್ತು, ಇವರಿಗೂ ಗೊತ್ತು. ಕೊನೆಗೆ ಬೆರಳನ್ನು ತನ್ನ ಎದೆಗೆ ಇಟ್ಟುಕೊಂಡು ಅಣ್ಣನ ಮುಖ ನೋಡಿದಳು. ಅಪ್ಪ ಏನೋ ಹೇಳಲು ಕೈ ಎತ್ತಿದ. ಅವಳು ಮುಖ ತಿರುಗಿಸಿಬಿಟ್ಟಳು.

ನಾವು ನೀವು ಮುನಿಸಿಕೊಂಡು ಮುಖ ತಿರುಗಿಸಿದರೂ ಎದುರಿನವರ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಸಣ್ಣತ್ತೆ ಮುಖ ತಿರುಗಿಸಿದರೆ ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಪಿರಿಯಾಪಟ್ಟಣದಲ್ಲಿ ಮದುವೆಗಳಾದವು, ಹನಗೋಡಿನಲ್ಲಿ ದೇವರ ಕಾರ್ಯಗಳಾದವು. ಅವಳು ಬರುತ್ತಿದ್ದಳು, ನನ್ನ ಕೆನ್ನೆ ಸವರುತ್ತಿದ್ದಳು, ಅಪ್ಪ ಎದುರು ಬಂದು ಕೈ ಎತ್ತಿದ ಕೂಡಲೇ ಅತ್ತ ತಿರುಗುತ್ತಿದ್ದಳು.

ತಪ್ಪು ನನ್ನದು ಎಂದು ಹೇಳಲು ನಾನು ಆವತ್ತೇ ಹೊರಟಿದ್ದೆ. ಅಪ್ಪ ತೋಳು ಹಿಡಿದು ನಿಲ್ಲಿಸಿದ. "ಬ್ಯಾಡ ಕಣ್ಲಾ. ಸೊಂಟದ್ ಮ್ಯಾಲೆ ನಿನ್ನ ಒತ್ಕಂಡ್ ಸಾಕವ್ಳೆ. ನಿನ್ ಮ್ಯಾಲೂ ಕ್ವಾಪ ಬಂದ್ರೆ ಈ ಮನೇಲಿ ಅವ್ಳಿಗೆ ಯಾರೂ ಇಲ್ದಂಗಾಯ್ತದೆ. ನನ್ ಮ್ಯಾಲೇ ಇರ್ಲಿ ಬುಡು." ನಾನು ಬಿಟ್ಟೆ. ಬಿಡುವುದು ನನಗೆ ಎಷ್ಟು ಸುಲಭವಾಯಿತು ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ವರ್ಷಗಟ್ಟಲೆ ಅವಳು ಸವರಿದ ಕೆನ್ನೆಯನ್ನು ಹೊತ್ತುಕೊಂಡು ತಿರುಗಿದೆ.

ಈ ನಡುವೆ ಅಪ್ಪನ ಕಿವಿ ಮಂದವಾಗುತ್ತ ಬಂತು. ಅವನು ಒಪ್ಪಲಿಲ್ಲ. "ಈಗಿನ್ ಜನ ಬಾಯೊಳ್ಗೇ ಮಾತಾಡ್ತಾರೆ" ಎಂದು ಜನರನ್ನೇ ದೂರಿದ. ಕಿವಿಗೆ ಹಾಕುವ ಮಷೀನು ತಂದುಕೊಟ್ಟರೆ ಅಂಗಿ ಜೇಬಿನಲ್ಲಿಟ್ಟುಕೊಂಡು ತಿರುಗಿದ, ಅದು ಅಲ್ಲಿಂದಲೇ ಕುಯ್ಯೆನ್ನುತ್ತಿತ್ತು. ಕ್ರಮೇಣ ಟೀ ಅಂಗಡಿಗೆ ಹೋಗುವುದು ಬಿಟ್ಟ, ಆಮೇಲೆ ಮನೆಯಲ್ಲಿ ಮಾತು ಬಿಟ್ಟ. ನಾವೆಲ್ಲ ಸುತ್ತಲೂ ಇದ್ದೆವು, ಆದರೆ ಕೂಗಿ ಹೇಳುವಷ್ಟು ದೊಡ್ಡ ವಿಷಯ ದಿನಕ್ಕೆ ಎಷ್ಟಿರುತ್ತದೆ? ನನ್ನ ಅಂಗಡಿಯ ಕುರ್ಚಿಯಲ್ಲಿ ಬಂದು ಕೂತು ಬಾಗಿಲ ಕಡೆ ನೋಡುತ್ತಿರುತ್ತಿದ್ದ. ಏರಿಯ ಮೇಲೆ ನಿಂತು ಅಷ್ಟು ದೂರಕ್ಕೆ ಮಾತಾಡುತ್ತಿದ್ದ ಕೈಗಳು ತೊಡೆಯ ಮೇಲೆ ಬಿದ್ದಿರುತ್ತಿದ್ದವು. ಅಪ್ಪ ಹೀಗೇ ಒಳಗೊಳಗೇ ಆರಿಹೋಗುತ್ತಾನೆ ಎಂದು ನನಗೆ ನಿಜವಾಗಿ ಭಯವಾಯಿತು.

ಆಗ ಒಂದು ದಿನ ಸುಧಾ ಫೋನ್ ಮಾಡಿದಳು. ಸುಧಾ ಸಣ್ಣತ್ತೆಯ ಸೊಸೆ. ಯಾವುದೋ ಅರ್ಜಿಗೆ ಯಾವ ಕಾಗದ ಬೇಕೆಂದು ಕೇಳಲು, ಕಾಗದವನ್ನೇ ತೋರಿಸಿಬಿಡೋಣವೆಂದು ವಿಡಿಯೊ ಕಾಲ್ ಮಾಡಿದ್ದಳು. ಕಾಗದದ ಹಿಂದಿನಿಂದ ಒಂದು ಮುಖ ಇಣುಕಿತು. ನನ್ನನ್ನು ಗುರುತು ಹಿಡಿದು, ಕಣ್ಣರಳಿಸಿ, ಮುಂಗೈಯಿಂದ ಮೂಗು ಒರೆಸಿಕೊಂಡಿತು. ನೀವು ನಂಬಲಿಕ್ಕಿಲ್ಲ, ಅಷ್ಟು ವರ್ಷ ಬೂತು ನಡೆಸಿದ ನನಗೆ ಸಣ್ಣತ್ತೆಯಿಂದ ಬಂದ ಮೊದಲ ಕರೆ ಅದು. ನನ್ನ ಅಂಗಡಿಯ ಯಂತ್ರಗಳನ್ನೆಲ್ಲ ನುಂಗಿದ ವಸ್ತುವಿನೊಳಗೆ ಆ ಯಂತ್ರಗಳೆಲ್ಲ ಕೊನೆಗೂ ಒಂದಾಗಿ, ಅವಳ ಹೆಸರಿಗೆ ಒಂದು ಲೈನು ಎಳೆದಿದ್ದವು. ನಾನು ಬೈಯುವುದನ್ನು ನಿಲ್ಲಿಸಿದ್ದು ಆ ಗಳಿಗೆಯಲ್ಲಿ.

ಸಂಭ್ರಮದಲ್ಲಿ ಫೋನನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಫೋನೆಂದರೆ ಹೇಗೆ ಹಿಡಿಯಬೇಕೋ ಹಾಗೆ ಹಿಡಿದ. ಕಿವಿಗೆ ಒತ್ತಿಕೊಂಡು "ಅಲೋ, ಯಾರು?" ಎಂದ. ಕೇಳದ ಕಿವಿ ಈ ಕಡೆ, ಕೇಳದ ಕಿವಿ ಆ ಕಡೆ. ಅಂತರಸಂತೆ ರಸ್ತೆಯ ಆ ಮನೆಯಲ್ಲಿ ಪರದೆ ತುಂಬ ಅಪ್ಪನ ಕಿವಿ, ಅದರ ಬಿಳಿ ಕೂದಲು ಸಮೇತ. ಸುಧಾ ನಗುವುದು ಕೇಳಿಸಿತು. ನಾನು ಫೋನನ್ನು ಅಪ್ಪನ ಮುಖಕ್ಕೆ ತಿರುಗಿಸಿದೆ. ಅಣ್ಣ ತಂಗಿಯನ್ನು ಕಂಡ, ತಂಗಿ ಅಣ್ಣನನ್ನು ಕಂಡಳು. ಅಪ್ಪನ ಕೈ ತೊಡೆಯಿಂದ ಎದ್ದಿತು. ಸಣ್ಣತ್ತೆ ಮುಖ ತಿರುಗಿಸಿದಳು. ಪರದೆಯಲ್ಲಿ ಅವಳ ತುರುಬು ಮಾತ್ರ ಉಳಿಯಿತು. ಅಪ್ಪನ ಕೈ ಇಳಿಯಿತು.

ಇನ್ನು ಸುಮ್ಮನಿದ್ದರೆ ನಾನು ಮನುಷ್ಯನಲ್ಲ ಎನಿಸಿತು. ಆದರೆ ಹೇಳುವುದು ಹೇಗೆ? ಸುಧಾಳ ಕೈಯಿಂದ ಹೇಳಿಸಬಾರದು, ನನ್ನ ಕೈಯಿಂದಲೇ ಹೇಳಬೇಕು. ನನ್ನ ಕೈಗೋ, ಊಟ ಆಯ್ತಾ, ಬಸ್ ಸಿಕ್ತಾ, ಇಷ್ಟು ಬಿಟ್ಟರೆ ಬೇರೆ ಮಾತು ಬಾರದು. ಅಪ್ಪನ ಮುಂದೆ ಕೂತು, ಮರೆತುಹೋಯಿತು ಎನ್ನುವುದು ಹೇಗೆ, ತಪ್ಪು ಎನ್ನುವುದು ಹೇಗೆ ಎಂದು ಒಂದೊಂದಾಗಿ ಕೇಳಿ ಕಲಿತೆ. ಯಾಕೆಂದು ಅಪ್ಪ ಕೇಳಲಿಲ್ಲ. ಕೈಗೆ ಕೆಲಸ ಸಿಕ್ಕಿತಲ್ಲ, ಅಷ್ಟೇ ಸಾಕಾಗಿ ಖುಷಿಯಿಂದ ಕಲಿಸಿದ. ಮರೆವೆಂದರೆ ಹಣೆಯಿಂದ ಏನನ್ನೋ ಒರೆಸಿ ಎಸೆಯುವುದು. ತಪ್ಪೆಂದರೆ ತನ್ನ ಕೈಗೆ ತಾನೇ ಒಂದು ಏಟು.

ಹದಿನೈದು ದಿನ ಅಭ್ಯಾಸ ಮಾಡಿ ಒಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಕಾಲ್ ಮಾಡಿದೆ. ಫೋನನ್ನು ಪುಸ್ತಕಗಳಿಗೆ ಒರಗಿಸಿ, ಬೆಳಕು ಸರಿ ನೋಡಿಕೊಂಡು, ಎದುರು ನೆಟ್ಟಗೆ ಕೂತು ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರೂ ಬಂತು. ಸಣ್ಣತ್ತೆ ಕುತ್ತಿಗೆ ಓರೆ ಮಾಡಿಕೊಂಡು ನೋಡಿದಳು, ಆಮೇಲೆ ಸುಧಾಳ ಕಡೆ ತಿರುಗಿದಳು. ಸುಧಾ ಬಗ್ಗಿ ನೋಡಿ, "ಅಣ್ಣಾ, ನಿಮ್ ಕೈಯೇ ಕಾಣ್ತಿಲ್ಲ! ಮುಖ ಅಷ್ಟೇ ಕಾಣ್ತದೆ, ಭುಜ ಎಗರ್ತಾವೆ. ಹುಷಾರಿಲ್ವಾ?" ಎಂದಳು. ಸಾವಿರಾರು ಜನರ ಪಾಸ್‌ಪೋರ್ಟ್ ಫೋಟೊ ತೆಗೆದವನಲ್ಲವೇ ನಾನು! ತಲೆ ನಡುವಿಗೆ, ಭುಜ ಎರಡೂ ಸಮ, ಹಿಂದೆ ಬಿಳಿ ಗೋಡೆ. ನನ್ನ ಜನ್ಮದ ತಪ್ಪೊಪ್ಪಿಗೆಯನ್ನು ಅರ್ಜಿಗೆ ಅಂಟಿಸುವ ಅಳತೆಯಲ್ಲಿ ಕೂರಿಸಿ, ಕೈಯನ್ನೆಲ್ಲ ಕತ್ತರಿಸಿ ಹಾಕಿದ್ದೆ.

ಫೋನನ್ನು ಕೈಯಲ್ಲಿ ಹಿಡಿದೆ. ಒಂದು ಕೈ ಹಿಡಿಯಲು ಹೋದರೆ ಮಾತಿಗೆ ಉಳಿಯುವುದು ಅರ್ಧ ಬಾಯಿ. ಸಣ್ಣತ್ತೆ ಆ ಕಡೆ ಕೈ ಅಡ್ಡ ಆಡಿಸಿ, ತಡಿ ಎಂದು ಹೇಳಿ, ತನ್ನ ಫೋನನ್ನು ಸುಧಾಳ ಕೈಗೆ ಕೊಟ್ಟು ತಾನು ಮಾಡಿಕೊಂಡಿದ್ದ ಏರ್ಪಾಡನ್ನು ತೋರಿಸಿದಳು. ಒಂದು ಸೇರು, ಅದರ ತುಂಬ ರಾಗಿ, ರಾಗಿಯಲ್ಲಿ ಊರಿದರೆ ಫೋನು ನಿಲ್ಲುತ್ತದೆ. ಅಕ್ಕಿಯಾದರೆ ಜಾರುತ್ತದೆ ಎಂದೂ ಅಭಿನಯಿಸಿದಳು. ನಾನು ಮನೆಗೆ ಹೋಗಿ ಅಜ್ಜಿಯ ಸೇರು ಹುಡುಕಿ ತಂದೆ. ರಾಗಿ ತುಂಬಿ, ಫೋನು ನೆಟ್ಟು, ಮತ್ತೆ ಕಾಲ್ ಮಾಡಿ, ಫುಲ್ ಫೋಟೊಗೆ ನಿಲ್ಲಿಸುವ ಹಾಗೆ ನನ್ನನ್ನು ನಾನೇ ಮೂರು ಹೆಜ್ಜೆ ಹಿಂದಕ್ಕೆ ನಿಲ್ಲಿಸಿಕೊಂಡೆ.

ಮೂಗುಬೊಟ್ಟಿನ ಜಾಗ ಮುಟ್ಟಿದೆ. ಅಂಗೈ ಮಗುಚಿದೆ. ಅವಳ ಮುಖದ ನಗು ಹೋಯಿತು. ಹೆಗಲು ತಟ್ಟಿ, ಅಪ್ಪ ಹೇಳಿದ ಎಂದೆ, ಮೂಗು ಒರೆಸಿ, ನಾನು ಎಂದೆ. ಫೋನು, ಡೈರಿ, ಗೀಟು, ಗೀಟು, ಗೀಟು. ನೀನು ಇಲ್ಲ. ಹಣೆಯಿಂದ ಒರೆಸಿ ಎಸೆದೆ. ಮತ್ತೆ ಮೂಗು ಒರೆಸಿ, ನನ್ನ ಕೈಗೆ ನಾನೇ ಹೊಡೆದುಕೊಂಡೆ. ಏಟು ಸ್ವಲ್ಪ ಜೋರಾಗಿಯೇ ಬಿತ್ತು. ಅಪ್ಪ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ. "ಬ್ಯಾಡ ಅಂದಿರ್ನಿಲ್ವೇನ್ಲಾ" ಎಂದ, ಆದರೆ ತಡೆಯಲು ಏಳಲಿಲ್ಲ.

ಸಣ್ಣತ್ತೆ ಹೆಗಲು ತಟ್ಟಿ ಹಣೆ ಮುಟ್ಟಿದಳು. ಅಣ್ಣನಿಗೆ ಇದು ಗೊತ್ತಿತ್ತಾ? ಗೊತ್ತಿತ್ತು ಎಂದೆ. ಅವಳ ಕಣ್ಣು ಕೆಂಪಗಾಯಿತು, ಕೈಗಳು ನನಗೆ ಅರ್ಥವಾಗದ ವೇಗದಲ್ಲಿ ಬೈಯತೊಡಗಿದವು, ಬಲಗೈ ಮೇಲೆದ್ದಿತು. ಅದೇ ಹೊತ್ತಿಗೆ ಕಾಡಂಚಿನ ನೆಟ್‌ವರ್ಕ್ ಕೈಕೊಟ್ಟಿತು. ಚಿತ್ರ ಹಾಗೇ ನಿಂತುಬಿಟ್ಟಿತು. ನನ್ನ ಕೆನ್ನೆಗೆಂದು ಎತ್ತಿದ ಕೈಯ ಮುಂದೆ, ಬೀಳದ ಏಟಿಗೆ ಕಾಯುತ್ತ ಎಷ್ಟೋ ಹೊತ್ತು ನಿಂತಿದ್ದೆ. ಜೆರಾಕ್ಸಿಗೆ ಬಂದ ಒಬ್ಬರು ನನ್ನನ್ನೂ ಫೋನನ್ನೂ ನೋಡಿ ಆಮೇಲೆ ಬರುತ್ತೇನೆಂದು ಹೋದರು.

ಎಂಟು ದಿನ ಏನೂ ಇಲ್ಲ. ನನ್ನ ಕೆನ್ನೆಯೂ ಹೋಯಿತು, ಅಪ್ಪನ ತಂಗಿಯೂ ಬರಲಿಲ್ಲ, ಎರಡೂ ಕೆಟ್ಟವು ಎಂದುಕೊಂಡೆ. ಒಂಬತ್ತನೆಯ ದಿನ ಹನ್ನೊಂದು ಗಂಟೆಗೆ ಫೋನು ಬಡಿದುಕೊಂಡಿತು. ಎತ್ತಿದೆ. ಸಣ್ಣತ್ತೆ ನಗಲಿಲ್ಲ. ಮೂಗು ಒರೆಸಿ, ಕೈ ಪಕ್ಕಕ್ಕೆ ಬೀಸಿದಳು. ನೀನು ಆ ಕಡೆ ಸರಿದುಕೋ. ಆಮೇಲೆ ಹೆಗಲು ತಟ್ಟಿದಳು.

ಆವತ್ತು ಅಪ್ಪ ಅವಳಿಗೆ ಅಜ್ಜಿ ಹೋದ ಬೆಳಿಗ್ಗೆಯನ್ನು ಹೇಳಿದ. ಎಷ್ಟು ಹೊತ್ತಿಗೆ ಎದ್ದಳು, ಕಾಫಿಗೆ ಸಕ್ಕರೆ ಸಾಲದು ಎಂದದ್ದು, ಯಾವ ಗೋಡೆಗೆ ಒರಗಿದ್ದಳು, ಯಾವ ಸೀರೆ ಉಡಿಸಿದೆವು, ತಲೆ ಯಾವ ಕಡೆಗೆ ಇಟ್ಟೆವು. ಅವಳು ಒಂದೊಂದನ್ನೂ ಎರಡೆರಡು ಸಲ ಕೇಳಿದಳು. ಅಳುತ್ತಿದ್ದಳು, ಆದರೆ ಅಳುವ ಕಣ್ಣನ್ನು ಒರೆಸಿಕೊಳ್ಳುವಷ್ಟು ಹೊತ್ತು ಬಿಟ್ಟರೆ ಅಣ್ಣನ ಕೈಯಿಂದ ಕಣ್ಣು ಕೀಳಲಿಲ್ಲ. ನಾನು ಷಟರ್ ಅರ್ಧಕ್ಕೆ ಇಳಿಸಿ ಹೊರಗೆ ನಿಂತೆ. ಒಳಗೆ ಒಂದು ಗಂಟೆ ಸದ್ದೇ ಇರಲಿಲ್ಲ, ನನ್ನ ಅಂಗಡಿಯಲ್ಲಿ ಅಷ್ಟು ಮಾತು ಯಾವತ್ತೂ ನಡೆದಿರಲಿಲ್ಲ.

ಆಮೇಲಿನಿಂದ ದಿನವೂ ಹನ್ನೊಂದಕ್ಕೆ ಕಾಲ್. ಅವರ ಊರಿಗೆ ಆನೆ ಬಂದದ್ದು ಕೆ.ಆರ್. ನಗರದಲ್ಲಿ ಅಪ್ಪನಿಗೆ ಮೊದಲು ಗೊತ್ತಾಗು​ತ್ತದೆ. ನಾಲೆಗೆ ನೀರು ಬಿಟ್ಟದ್ದು ಅಂತರಸಂತೆ ರಸ್ತೆಯಲ್ಲಿ ಸಣ್ಣತ್ತೆಗೆ ಮೊದಲು ಗೊತ್ತಾಗುತ್ತದೆ. ಅಪ್ಪ ಈಗ ಮನೆಯಲ್ಲೂ ಕೈಯಲ್ಲೇ ಮಾತಾಡುತ್ತಾನೆ, ನಾವೂ ಕೈಯಲ್ಲೇ ಉತ್ತರಿಸುತ್ತೇವೆ, ಕೂಗಾಟ ನಿಂತಿದೆ. ನನ್ನ ಹೆಂಡತಿ ನನ್ನನ್ನು ಆ ಹೆಸರಿನಿಂದಲೇ ಊಟಕ್ಕೆ ಕರೆಯುತ್ತಾಳೆ. ಸಣ್ಣತ್ತೆ ನನ್ನೊಡನೆ ಮಾತ್ರ ಬಹಳ ದಿನ ಬಿಗುವಾಗಿಯೇ ಇದ್ದಳು. ನಾನು ಅದಕ್ಕೆ ಅರ್ಹ.

ನಿನ್ನೆ ಬೆಳಿಗ್ಗೆ ಮೈಸೂರಿನ ಆಸ್ಪತ್ರೆಯಿಂದ ಅಳಿಯ ಒಂದು ಫೋಟೊ ಕಳಿಸಿದ. ನನ್ನ ಮಗಳಿಗೆ ಹೆಣ್ಣು ಮಗು. ಮುದುಡಿದ ಒಂದು ಮುಷ್ಟಿಯನ್ನು ಕೆನ್ನೆಗೆ ಒತ್ತಿಕೊಂಡು ಮಲಗಿತ್ತು. ಅಪ್ಪನಿಗೆ ತೋರಿಸಿದೆ. ಆಮೇಲೆ ಎಲ್ಲರಿಗೂ ಹೇಳೋಣವೆಂದು ಫೋನಿನಲ್ಲಿ ಹೆಸರುಗಳ ಪಟ್ಟಿ ತೆಗೆದೆ. ಮೈಸೂರು, ಮಂಡ್ಯ. ಬೆರಳು ಅಲ್ಲೇ ನಿಂತಿತು. ಅಪ್ಪ ನನ್ನ ಬೆರಳನ್ನೇ ನೋಡುತ್ತಿದ್ದ.

ಪಟ್ಟಿ ಮುಚ್ಚಿದೆ. ಫೋಟೊವನ್ನು ಹಳೆಯ ಚಾಳಿಯಂತೆ ದೊಡ್ಡದಾಗಿ ಪ್ರಿಂಟ್ ತೆಗೆದು, ಅವಸರದಲ್ಲಿ ಫೋನನ್ನು ರಾಗಿಯೊಳಕ್ಕೆ ಆಳವಾಗಿ ತುರುಕಿ, ಸಣ್ಣತ್ತೆಗೆ ಕಾಲ್ ಮಾಡಿದೆ. ಹನ್ನೊಂದಾಗಿರಲಿಲ್ಲವಾದ್ದರಿಂದ ಗಾಬರಿಯಿಂದ ಬಂದಳು, ಮುದ್ದೆಗೆ ಹಿಟ್ಟು ಜರಡಿ ಹಿಡಿಯುತ್ತಿದ್ದಳೇನೋ, ಎರಡೂ ಕೈ ತುಂಬ ರಾಗಿ ಹಿಟ್ಟು. ಪ್ರಿಂಟನ್ನು ಕ್ಯಾಮೆರಾದ ಮುಂದೆ ಹಿಡಿದೆ. ಅವಳು ಪರದೆಗೆ ಮೂಗು ತಗಲುವಷ್ಟು ಹತ್ತಿರ ಬಂದು ನೋಡಿದಳು. ಹಿಂದೆ ಸರಿದು, ಹಿಟ್ಟಿನ ಮುಷ್ಟಿಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಮಗುವಿಗೆ ಹೆಸರಾಯಿತು. ಅಪ್ಪನೂ ಮುಷ್ಟಿಯನ್ನು ಕೆನ್ನೆಗಿಟ್ಟು ಅದನ್ನು ಒಪ್ಪಿದ.

ಆಮೇಲೆ ಅವಳು ನನ್ನ ಕಡೆ ತಿರುಗಿ, ಬೇರೆಯವರಿಗೆಲ್ಲ ಹೇಳಿದೆಯಾ ಎಂದು ಕೇಳಿದಳು. ಇಲ್ಲ ಎಂದೆ. ಒಂದು ಬೆರಳೆತ್ತಿ ಅವಳ ಕಡೆ ತೋರಿಸಿದೆ. ನೀನೇ ಮೊದಲು.

ಅವಳು ನನ್ನನ್ನು ನೋಡುತ್ತ ಇದ್ದಳು. ಮುಖ ತಿರುಗಿಸುತ್ತಾಳೇನೋ ಎಂದು ನನಗೆ ಒಂದು ಕ್ಷಣ ಹೆದರಿಕೆಯಾಯಿತು. ತಿರುಗಿಸಲಿಲ್ಲ. ಮೂಗು ಒರೆಸಿಕೊಂಡಳು, ಹಿಟ್ಟು ಮೂಗಿಗೂ ಮೆತ್ತಿತು. ಬೇಗ ಬೇಗ ಎಂದು ಎರಡೂ ಕೈ ಆಡಿಸಿದಳು. ಬೆರಳನ್ನು ಎದೆಗೆ ಊರಿ ಒಮ್ಮೆ ತಿರುವಿದಳು. ಬೇಗ ಹೇಳು ಎಲ್ಲರಿಗೂ, ತಡ ಮಾಡಿದರೆ ಅವರಿಗೆ ನೋವಾಗುತ್ತದೆ. ಅಷ್ಟು ಹೇಳಿ, ಹಿಟ್ಟಿನ ಬೆರಳಿನಿಂದ ತಾನೇ ಕಾಲ್ ಕಟ್ ಮಾಡಿದಳು.

ಎರಡು ರಾಗಿ ಕಾಳನ್ನೂ ಮತ್ತೆ ಸೇರಿಗೇ ಹಾಕಿದ್ದೇನೆ. ಫೋನಿಗೆ ಚಾರ್ಜ್ ಆಗಿದೆ. ಹನ್ನೊಂದಾಗುತ್ತ ಬಂತು, ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬಂದು ಕೂತಿದ್ದಾನೆ. ನೀವು ಸ್ವಲ್ಪ ಈ ಪಕ್ಕಕ್ಕೆ ಬನ್ನಿ, ಅಡ್ಡ ನಿಂತರೆ ಅವಳಿಗೆ ಮಾತು ಕಾಣುವುದಿಲ್ಲ.